ಪೆರ್ಲದ ಕ್ರಮ

ಇಸ್ಪೀಟು ಕಲಿಯುವ ಮನಸ್ಸಿದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ: ಯಾರು ಕಲಿಸುತ್ತಾರೋ ಅವರ ಎದುರು ಕೂರಬೇಡಿ, ಪಕ್ಕದಲ್ಲಿ ಕೂರಿ. ಇಪ್ಪತ್ತೆಂಟಿನ ಆಟದಲ್ಲಿ ಎದುರು ಕೂತವರು ನಿಮ್ಮ ಜೊತೆಗಾರರು, ಅಕ್ಕಪಕ್ಕದಲ್ಲಿರುವ ಇಬ್ಬರು ಎದುರಾಳಿಗಳು. ಎದುರಾಳಿ ನಮ್ಮನ್ನು ಸೋಲಿಸಲು ನೋಡುತ್ತಾನೆ ಎಂದು ನಮಗೆ ಗೊತ್ತಿರುತ್ತದೆ, ಎಲೆಗಳನ್ನು ಎದೆಗೆ ಒತ್ತಿ ಹಿಡಿಯುತ್ತೇವೆ. ಎದುರಿನವರ ಮುಂದೆ ಹಾಗೆ ಹಿಡಿಯುವುದಿಲ್ಲ. ನನ್ನ ತಪ್ಪು ಲೆಕ್ಕ ಅಲ್ಲಿಂದಲೇ ಶುರುವಾದದ್ದು.

ನನ್ನ ಅಂಗಡಿ ಇರುವುದು ಉಪ್ಪಳದಲ್ಲಿ. ಕೆಳಗೆ ಬಟ್ಟೆ, ಮೇಲಿನ ಕೋಣೆಯಲ್ಲಿ ಹೊಲಿಗೆ. ಒಂದು ಹಳೆಯ ಮೆಷಿನ್ ಇಟ್ಟುಕೊಂಡು ಬೇರೆಯವರ ಜಗಲಿಯಲ್ಲಿ ಶುರು ಮಾಡಿದವಳು ನಾನು. ಸೂರತ್ತಿನ ಏಜೆಂಟರ ಹತ್ತಿರ ಹಿಂದಿಯಲ್ಲಿ ಚೌಕಾಸಿ ಮಾಡುತ್ತೇನೆ, ಗಲ್ಫಿನವರ ಮನೆಯ ಹೆಂಗಸರು ನನ್ನ ಹತ್ತಿರ ಮಲಯಾಳದಲ್ಲಿ ಚೌಕಾಸಿ ಮಾಡುತ್ತಾರೆ. ಎರಡರಲ್ಲೂ ನನಗೆ ನಷ್ಟವಾದದ್ದು ಕಡಿಮೆ. ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ಶುರುವಾದ ಮೇಲೆ ಮಾತ್ರ ನನ್ನ ಬಾಯಿಗೆ ಕೆಲಸವಿಲ್ಲದ ಹಾಗಾಯಿತು. ಆಚೆ ಬದಿಯ ಗಿರಾಕಿ ಈಚೆ ಬರಬೇಕಾದರೆ ಧೂಳಿನಲ್ಲಿ ಸುತ್ತಿ ಕೆಳಸೇತುವೆ ಹುಡುಕಬೇಕು. ಮಧ್ಯಾಹ್ನ ಊಟ ಆದ ಮೇಲೆ ಒಬ್ಬರೂ ಇಲ್ಲ. ಆ ಖಾಲಿ ಮಧ್ಯಾಹ್ನಗಳಲ್ಲಿಯೇ ಮೇಲಿನ ಕೋಣೆಯ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ನಾವು ನಾಲ್ವರು ಕೂತದ್ದು.

ಒಬ್ಬರು ಪಕ್ಕದ ಓಣಿಯ ಟೀಚರ್, ಕನ್ನಡ ಶಾಲೆಯಿಂದ ನಿವೃತ್ತರಾದವರು, ಎಡನೀರಿನ ಕಡೆ ಹುಟ್ಟಿ ಬೆಳೆದವರು. ಇನ್ನೊಬ್ಬಳು ಕೆಳಗೆ ನನ್ನ ಅಂಗಡಿಗೆ ತಾಗಿದ ಮೆಡಿಕಲ್ ಶಾಪಿನವಳು, ಕಾಞಂಗಾಡಿನಿಂದ ಮದುವೆಯಾಗಿ ಬಂದವಳು, ನನ್ನನ್ನು ಅಕ್ಕ ಎನ್ನುವ ಬದಲು ಮಲಯಾಳದಲ್ಲಿ ‘ಚೇಚಿ’ ಎನ್ನುತ್ತಾಳೆ. ಮತ್ತೊಬ್ಬಳು ನನ್ನ ತಮ್ಮನ ಹೆಂಡತಿ. ನಮಗೆ ಆಟ ಕಲಿಸಿದವಳು ಅವಳೇ. ಪೆರ್ಲದ ಹುಡುಗಿ. ಅವಳ ತವರಿನಲ್ಲಿ ಹೆಂಗಸರೂ ಇಸ್ಪೀಟು ಆಡುತ್ತಾರೆ, ದುಡ್ಡಿಟ್ಟು ಅಲ್ಲ, ಸುಮ್ಮನೆ. ಅವಳ ಅಜ್ಜಿ ಕಣ್ಣು ಕಾಣದಾದ ಮೇಲೂ ಎಲೆಗಳ ಹೆಸರನ್ನು ಕಿವಿಯಲ್ಲಿ ಹೇಳಿಸಿಕೊಂಡು ಆಡುತ್ತಿದ್ದರಂತೆ.

ತಮ್ಮನನ್ನು ಓದಿಸಿದ್ದು ನಾನು, ದುಬೈಗೆ ಕಳಿಸಿದ್ದು ನಾನು, ಹೆಣ್ಣು ನೋಡಲು ಪೆರ್ಲಕ್ಕೆ ಬಸ್ಸು ಹತ್ತಿದ್ದೂ ನಾನೇ. ಅವರು ಮನೆ ಕಟ್ಟಿಸುವಾಗ ಇವಳು ನೆಲಕ್ಕೆ ಕೆನೆ ಬಣ್ಣದ ಟೈಲ್ಸ್ ನೋಡಿಟ್ಟಿದ್ದಳು. ನಾನು ಮಂಗಳೂರಿಗೆ ಹೋಗಿ ಕಂದು ಬಣ್ಣದ್ದನ್ನು ಅದಕ್ಕಿಂತ ಎಷ್ಟೋ ಕಡಿಮೆಗೆ ತಂದುಕೊಟ್ಟೆ. ಕಂದಿನಲ್ಲಿ ಕೊಳೆ ಕಾಣುವುದಿಲ್ಲ. “ಆಯ್ತು ಅಕ್ಕ, ಚಂದ ಉಂಟು” ಎಂದಳು. ಅವಳು ಯಾವಾಗಲೂ ಹಾಗೆಯೇ, ಎದುರು ಮಾತಿಲ್ಲ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಏಳರಿಂದ ಮೇಲಿನ ಎಲೆಗಳು ಮಾತ್ರ ಬೇಕು. ರಾಜ, ರಾಣಿಗೆ ಇಲ್ಲಿ ಬೆಲೆ ಇಲ್ಲ. ಎಲ್ಲರಿಗಿಂತ ದೊಡ್ಡವನು ಗುಲಾಮ, ಅವನಿಗೆ ಮೂರು ಅಂಕ. ಆಮೇಲೆ ಒಂಬತ್ತು, ಅದಕ್ಕೆ ಎರಡು. ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಎಲ್ಲ ಕೂಡಿದರೆ ಇಪ್ಪತ್ತೆಂಟು, ಆಟದ ಹೆಸರೂ ಅದೇ. ಮೊದಲು ನಾಲ್ಕು ನಾಲ್ಕು ಎಲೆ ಹಂಚುತ್ತಾರೆ. ಅಷ್ಟನ್ನೇ ನೋಡಿ, ನಾವಿಬ್ಬರು ಇಷ್ಟು ಅಂಕ ಗಳಿಸುತ್ತೇವೆ ಎಂದು ಏಲಂ ಕೂಗಿದ ಹಾಗೆ ಕೂಗಬೇಕು, ಹದಿನಾಲ್ಕರಿಂದ ಮೇಲೆ. ಹೆಚ್ಚು ಕೂಗಿದವರು ಒಂದು ಎಲೆಯನ್ನು ಮಗುಚಿ ಇಡುತ್ತಾರೆ. ಅದು ಕಳಾವರ, ಡೈಮನ್ ಹೀಗೆ ಯಾವ ಜಾತಿಯೋ ಆ ಜಾತಿಯೇ ತುರುಪು, ಉಳಿದ ಜಾತಿಗಳನ್ನು ಕಡಿಯುವ ಜಾತಿ. ಅದು ಯಾವುದೆಂದು ಜೊತೆಗಾರರಿಗೂ ಹೇಳಲಿಕ್ಕಿಲ್ಲ. ಬಳಿಕ ಉಳಿದ ನಾಲ್ಕು ಎಲೆ. ಆಡುವಾಗ, ಸುತ್ತಿನಲ್ಲಿ ಮೊದಲು ಇಳಿಸಿದ ಜಾತಿ ಕೈಯಲ್ಲಿ ಇಲ್ಲದವರು “ತುರುಪು ತೋರಿಸಿ” ಎಂದು ಹೇಳುವವರೆಗೆ ಅದು ಮಗುಚಿಯೇ ಇರುತ್ತದೆ.

ನನಗೆ ಈ ಆಟ ಮೊದಲ ದಿನವೇ ಹಿಡಿಸಿತು. ಅರ್ಧ ಮಾಲು ನೋಡಿ ಪೂರ್ತಿ ಮಾಲಿಗೆ ರೇಟು ಹೇಳುವುದು ನನ್ನ ದಿನನಿತ್ಯದ ಕಸುಬು.

ಕಷ್ಟ ಬಂದದ್ದು ಕ್ರಮದಲ್ಲಿ. ಇಷ್ಟು ಸಣ್ಣ ಜಿಲ್ಲೆಯೊಳಗೆ ಒಂದೊಂದು ಊರಿಗೆ ಒಂದೊಂದು ಕ್ರಮ ಇದೆ ಎಂದು ನನಗೆ ಗೊತ್ತಾದದ್ದು ಆ ಮೇಜಿನಲ್ಲಿ. ತುರುಪು ತೋರಿಸಿ ಎಂದು ಕೇಳಿದವರು ತುರುಪು ಇದ್ದರೆ ಅದನ್ನು ಹಾಕಿ ಕಡಿಯಲೇಬೇಕು ಎಂದು ಪೆರ್ಲದವಳು. ಬೇಕಾಗಿಲ್ಲ, ಸುಮ್ಮನೆ ನೋಡಬಹುದು ಎಂದು ಕಾಞಂಗಾಡಿನವಳು.

“ಸುಮ್ನೆ ನೋಡ್ಲಿಕ್ಕೆ ಅದೆಂತ ಸೀರೆಯಾ?” ಎಂದೆ.

“ಚೇಚಿ, ನಿಮ್ಮ ಅಂಗಡಿಯಲ್ಲಿ ಹತ್ತು ಸೀರೆ ತೆಗೆಸಿ ಒಂದೂ ತಗೊಳ್ಳದೆ ಹೋಗುವವರು ಇಲ್ವಾ?” ಎಂದಳು ಮೆಡಿಕಲ್‌ನವಳು. “ನೋಡ್ಲಿಕ್ಕೆ ಕಾಸು ಉಂಟಾ?”

ಟೀಚರ್ ಕನ್ನಡಕ ಸರಿಮಾಡಿಕೊಂಡು, “ನಮ್ಮ ಅಣ್ಣಂದಿರು ಕೊನೆಯ ಸುತ್ತು ಗೆದ್ದವರಿಗೆ ಒಂದು ಅಂಕ ಹೆಚ್ಚಿಗೆ ಕೊಡ್ತಿದ್ರು. ಆಗ ಒಟ್ಟು ಇಪ್ಪತ್ತೊಂಬತ್ತು ಆಗ್ತದೆ” ಎಂದರು.

“ಆಗ ಆಟಕ್ಕೆ ಬೇರೆ ಹೆಸರು ಇಡ್ಬೇಕಾಗ್ತದೆ ಟೀಚರ್.”

“ಇಡುವ. ನಾಮಕರಣಕ್ಕೆ ಪಾಯಸ ಮಾಡುವ.”

ಕೊನೆಗೆ ರಾಜಿ ಮಾಡಿಸಿದ್ದು ನಾನು. ಕೇಳಿದವರು ಕಡಿಯಬೇಕು, ಇದು ಪೆರ್ಲದವಳಿಗೆ. ತುರುಪಿನ ರಾಜರಾಣಿ ಒಂದೇ ಕೈಯಲ್ಲಿ ಸಿಕ್ಕಿದರೆ ಕೂಗಿದ್ದರಲ್ಲಿ ನಾಲ್ಕು ಅಂಕ ಮಾಫಿ, ಇದು ಕಾಞಂಗಾಡಿನವಳಿಗೆ. ಕೊನೆಯ ಸುತ್ತಿನ ಅಂಕವನ್ನು ಟೀಚರ್ ಬಿಟ್ಟುಕೊಡಬೇಕು, ಬದಲಿಗೆ ಎಲೆ ಹಂಚುವ ಮೊದಲ ಸರದಿ ಯಾವತ್ತೂ ಅವರದ್ದು. ಎಲ್ಲರೂ ಏನೋ ಒಂದು ಗೆದ್ದ ಮುಖದಲ್ಲಿ ಎದ್ದರು. ರಾಜಿ ಎಂದರೆ ಹೀಗಿರಬೇಕು. ನಿಮ್ಮ ಮನೆಯ ಪಾಲು ಪಂಚಾತಿಗೆಯಲ್ಲೂ ಇದನ್ನು ಪ್ರಯೋಗ ಮಾಡಿ ನೋಡಬಹುದು. “ಇನ್ನೂ ಎಂತಾದ್ರೂ ಕ್ರಮ ಬಾಕಿ ಉಂಟಾ?” ಎಂದು ಅವತ್ತು ನಾನು ತಮ್ಮನ ಹೆಂಡತಿಯನ್ನು ಕೇಳಿದ್ದೆ. ಅವಳು ಎಲೆಗಳನ್ನು ಜೋಡಿಸುತ್ತಾ, “ಇಲ್ಲ ಅಕ್ಕ, ಇಷ್ಟೇ” ಎಂದಿದ್ದಳು. ಆ ಮಾತನ್ನು ನೆನಪಿಟ್ಟುಕೊಳ್ಳಿ.

ಸೋತವರಿಗೆ ಕುಣುಕು ಎಂಬ ಶಿಕ್ಷೆ ಇದೆ. ಅದೊಂದು ಕಿವಿಯ ಆಭರಣದ ಮಲಯಾಳ ಹೆಸರು. ಗಂಡಸರು ಹಲಸಿನ ಎಲೆ ಮಡಚಿ ಸೋತವರ ಕಿವಿಗೆ ಸಿಕ್ಕಿಸುತ್ತಾರೆ, ಮುಂದಿನ ಆಟ ಗೆಲ್ಲುವವರೆಗೆ ಅದು ಇಳಿಯುವುದಿಲ್ಲ. ನಾವು ಹೊಲಿಗೆಯವರು, ರವಿಕೆ ಬಟ್ಟೆಯ ಸಪೂರ ತುಂಡಿಗೆ ದೊಡ್ಡ ಕೆಂಪು ಗುಂಡಿ ಪೋಣಿಸಿ ಕುಣುಕು ಮಾಡಿಕೊಂಡೆವು. ಅದನ್ನು ಹೊಲಿದವಳೂ ತಮ್ಮನ ಹೆಂಡತಿಯೇ. ಒಂದು ಸಲ ಮೆಡಿಕಲ್‌ನವಳು ಅದನ್ನು ಕಿವಿಯಲ್ಲಿ ಮರೆತು ಕೆಳಗೆ ಹೋಗಿ ಯಾರಿಗೋ ಕೆಮ್ಮಿನ ಔಷಧಿ ಕೊಟ್ಟುಬಂದಳು.

ನಾನೂ ತಮ್ಮನ ಹೆಂಡತಿಯೂ ಎದುರು ಬದುರು, ಅಂದರೆ ಜೊತೆ. ಅವಳು ಹದಿನಾರು ಎಂದರೆ ನಾನು ನನ್ನ ಎಲೆ ನೋಡಿ ಹದಿನೇಳು ಎನ್ನುತ್ತಿದ್ದೆ. ಅವಳು ಹದಿನೇಳು ಎಂದರೆ ಹದಿನೆಂಟು. ತುರುಪು ಇಡುವ ಹಕ್ಕು ಕೂಗಿದವರದ್ದು, ಅದನ್ನು ಸುಮ್ಮನೆ ಯಾಕೆ ಬಿಡಬೇಕು? ನಾನು ಇಟ್ಟರೆ ನಡೆಸಿಕೊಂಡು ಹೋಗುವುದು ಹೇಗೆಂದು ನನಗೆ ಗೊತ್ತಿರುತ್ತದೆ. ಹಲವು ಸಲ ಗೆದ್ದೆವು, ಹಲವು ಸಲ ಕುಣುಕು ಹಾಕಿಕೊಂಡೆವು. ಸೋತಾಗ ಅವಳು ಮುಖ ಸಣ್ಣ ಮಾಡಿದ್ದು ನಾನು ನೋಡಿಲ್ಲ. “ಈ ಸಲ ಎಲೆ ಸರಿ ಬರ್ಲಿಲ್ಲ ಅಲ್ವಾ” ಎಂದರೆ, “ಹೌದು ಅಕ್ಕ, ಎಲೆಯೇ ಸರಿ ಇಲ್ಲ” ಎನ್ನುವಳು.

ಗಿರಾಕಿಗಳ ಮುಖ ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಉಪ್ಪಳದಲ್ಲಿ ಹೆಸರಿದೆ. ಎದುರು ಕೂತ ಇವಳ ಮುಖವನ್ನು ಓದಬೇಕು ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಓಣಂ ಹತ್ತಿರ ಬಂತು. ಇಲ್ಲಿಯ ಕ್ಲಬ್ಬಿನವರು ಪ್ರತಿ ವರ್ಷ ಗಂಡಸರಿಗೆ ಇಪ್ಪತ್ತೆಂಟಿನ ಪಂದ್ಯ ಇಡುತ್ತಾರೆ. ಆ ವರ್ಷ ಹೆಂಗಸರ ಜೊತೆಗಳಿಗೂ ಇಡುತ್ತೇವೆ, ಗೆದ್ದವರಿಗೆ ಕುಕ್ಕರ್ ಎಂದು ಮೈಕಿನಲ್ಲಿ ಹೇಳಿಸಿದರು. ನನ್ನ ಮನೆಯಲ್ಲಿ ಕುಕ್ಕರ್ ಇದೆ. ನನಗೆ ಬೇಕಾಗಿದ್ದದ್ದು ಅದಲ್ಲ. ತವರು ಮನೆಯಲ್ಲಿ ಎಲೆ ಮುಟ್ಟದವಳು, ವಯಸ್ಸಾದ ಮೇಲೆ ಕಲಿತವಳು ನಾನು, ಆ ಪಂದ್ಯದ ಮೇಜಿನಲ್ಲಿ ನನ್ನ ತಮ್ಮನ ಹೆಂಡತಿಯ ಎದುರು ಕೂತು ಆಡಬೇಕು, ಈ ಅತ್ತಿಗೆ ನಾದಿನಿಯರನ್ನು ನೋಡಿ ಎಂದು ನಾಲ್ಕು ಜನ ಹೇಳಬೇಕು. ನಮ್ಮ ಕಡೆ ಒಂದೇ ಮನೆಯ ಇಬ್ಬರು ಹೆಂಗಸರು ಮಾತು ಬಿಡದೆ ಇದ್ದರೆ ಅದೇ ದೊಡ್ಡ ಸುದ್ದಿ. ಇನ್ನು ಜೊತೆಯಾಗಿ ಗೆದ್ದರೆ ಕೇಳುವುದು ಬೇಡ. ಇಬ್ಬರಿಗೂ ಒಂದೇ ಥಾನಿನ ಸೀರೆ ತೆಗೆದಿಟ್ಟೆ, ರವಿಕೆಯನ್ನೂ ಹೊಲಿಸಿದೆ.

ಹೆಸರು ಕೊಡಲು ಕ್ಲಬ್ಬಿಗೆ ಹೋದೆ. ಕ್ಲಬ್ಬಿನ ಸೆಕ್ರೆಟರಿ ಮೊಬೈಲ್ ಅಂಗಡಿಯವನು, ನನಗೆ ಚೆನ್ನಾಗಿ ಗೊತ್ತು.

“ಅಕ್ಕ, ನಿಮ್ಮ ಜೊತೆ ಯಾರು?” ಎಂದ.

“ಇದೆಂತ ಪ್ರಶ್ನೆ ಮಾರಾಯ? ನನ್ನ ತಮ್ಮನ ಹೆಂಡ್ತಿ.”

ಅವನು ಮೊಬೈಲಿನಿಂದ ಕಣ್ಣೆತ್ತಿದ. “ಅವರು ನಿನ್ನೆಯೇ ಬಂದು ಹೆಸರು ಕೊಟ್ಟಿದ್ದಾರಲ್ಲ. ಮೆಡಿಕಲ್‌ನವರ ಜೊತೆ. ನಿಮಗೆ ಗೊತ್ತಿಲ್ವಾ?”

ವ್ಯಾಪಾರದಲ್ಲಿ ಒಂದು ಪಾಠ ಇದೆ: ಪೆಟ್ಟು ಬಿದ್ದದ್ದು ಎದುರಿನವರಿಗೆ ಕಾಣಬಾರದು. “ಗೊತ್ತುಂಟು, ಗೊತ್ತುಂಟು. ಮರ್ತು ಬಾಯಿಗೆ ಬಂತು. ನನ್ನ ಜೊತೆ ಟೀಚರ್, ಬರೆದುಕೊ” ಎಂದೆ. ಟೀಚರನ್ನು ಕೇಳಿದ್ದು ಆಮೇಲೆ. ಅವರು, “ನನ್ನ ಸೊಂಟ ಅಷ್ಟು ಹೊತ್ತು ಕೂರ್ತದಾ ಗೊತ್ತಿಲ್ಲ, ನೋಡುವ” ಎಂದರು.

ತಮ್ಮನ ಹೆಂಡತಿಯನ್ನು ನಾನು ಕೇಳಲಿಲ್ಲ. ಕೇಳಿದರೆ ಬೇಡಿದ ಹಾಗೆ ಆಗುತ್ತದೆ. ಆ ವಾರ ಅವಳು ಅಂಗಡಿಗೆ ಬರಲೂ ಇಲ್ಲ. ಮಗಳ ಪರೀಕ್ಷೆ ಎಂದು ಫೋನಿನಲ್ಲಿ ಹೇಳಿದಳು. ಮೆಡಿಕಲ್‌ನವಳು ನನ್ನನ್ನು ಕಂಡಾಗಲೆಲ್ಲ ಔಷಧಿ ಡಬ್ಬಿಗಳ ಹಿಂದೆ ಏನೋ ಹುಡುಕುತ್ತಿದ್ದಳು. ತೆಗೆದಿಟ್ಟ ಸೀರೆಗಳಲ್ಲಿ ಒಂದನ್ನು ಟೀಚರಿಗೆ ಕೊಟ್ಟೆ. ರವಿಕೆ ಅವರಿಗೆ ಹಿಡಿಯಲಿಲ್ಲ.

ಪಂದ್ಯದ ದಿನ ಶಾಲೆಯ ಹಾಲಿನಲ್ಲಿ ಪೂಕಳಂ ಎನ್ನುವ ಹೂವಿನ ರಂಗೋಲಿ, ಒಂದು ಬದಿಯಲ್ಲಿ ಗಂಡಸರ ಮೇಜುಗಳು, ಇನ್ನೊಂದು ಬದಿಯಲ್ಲಿ ನಮ್ಮವು. ಟೀಚರ್ ಚೆನ್ನಾಗಿ ಆಡಿದರು. ನಾವು ಒಬ್ಬೊಬ್ಬರನ್ನೇ ದಾಟಿ ಬಂದೆವು, ಕೊನೆಗೆ ಮೇಜಿನಲ್ಲಿ ಉಳಿದದ್ದು ನಾವೂ ಅವರೂ. ತಮ್ಮನ ಹೆಂಡತಿ ನನ್ನ ಬಲಗಡೆ ಬಂದು ಕೂತಳು. ಇಷ್ಟು ದಿನ ಎದುರಿನಲ್ಲಿ ಇದ್ದವಳು.

“ಅಕ್ಕ, ಊಟ ಆಯ್ತಾ?” ಎಂದಳು.

“ಆಯ್ತು. ನಿಂದು?”

ಅಷ್ಟೇ ಮಾತು.

ಎರಡೂ ಕಡೆ ಸಮ ಆಗಿ, ಇನ್ನು ಒಂದು ಆಟದಲ್ಲಿ ತೀರ್ಮಾನ ಎನ್ನುವಲ್ಲಿಗೆ ಬಂತು. ಮೊದಲು ಕೂಗುವ ಸರದಿ ನನ್ನದು. ಕೈಯಲ್ಲಿ ಕಳಾವರಿನ ಒಂಬತ್ತು ಮತ್ತು ಎಕ್ಕ, ಉಳಿದ ಎರಡು ಎಲೆಗೆ ಕಾಸಿನ ಬೆಲೆ ಇಲ್ಲ. ಇಂಥ ಹೊತ್ತಿಗೆ ನನ್ನದೊಂದು ಉಪಾಯ ಇದೆ. ಮಾಲು ಚೆನ್ನಾಗಿದ್ದಾಗ ಒಂದೊಂದೇ ಮೆಟ್ಟಿಲು ಹತ್ತುತ್ತೇನೆ. ಮಾಲು ಇಲ್ಲದಾಗ ಒಮ್ಮೆಲೇ ದೊಡ್ಡ ರೇಟು ಹೇಳುತ್ತೇನೆ, ಎದುರಾಳಿಗಳು ಹೆದರಿ ಇನ್ನೂ ಮೇಲೆ ಕೂಗಿ ಸಿಕ್ಕಿಬೀಳಲಿ ಎಂದು. ಈ ಉಪಾಯ ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ವರ್ಷವಿಡೀ ಎದುರು ಕೂತು, ನನ್ನ ಕೂಗನ್ನೂ ಆಮೇಲೆ ನಾನು ಬಿಚ್ಚಿದ ಎಲೆಗಳನ್ನೂ ತಾಳೆ ನೋಡಿದವಳಿಗೆ.

“ಹದಿನೆಂಟು” ಎಂದೆ.

ಅವಳು ತನ್ನ ಎಲೆಗಳನ್ನು ನೋಡಿದಳು, ನನ್ನನ್ನು ನೋಡಲಿಲ್ಲ. “ಪಾಸ್” ಎಂದಳು, ರೇಟು ಕೇಳಿ ಸುಮ್ಮನೆ ಮೆಟ್ಟಿಲಿಳಿಯುವ ಗಿರಾಕಿಯ ಹಾಗೆ. ಟೀಚರೂ ಪಾಸ್, ಮೆಡಿಕಲ್‌ನವಳೂ ಪಾಸ್. ಹದಿನೆಂಟು ನನ್ನ ಕುತ್ತಿಗೆಗೇ ಬಿತ್ತು. ಕಳಾವರನ್ನು ತುರುಪು ಇಟ್ಟೆ. ಬಾಕಿ ಎಲೆಗಳೂ ಬಂದವು, ಅವೂ ನನ್ನನ್ನು ಎತ್ತಲಿಲ್ಲ. ಮೊದಲ ಎಲೆ ಡೈಮನ್ ಇಳಿಸಿದೆ.

“ತುರುಪು ತೋರಿಸಿ” ಎಂದಳು ತಮ್ಮನ ಹೆಂಡತಿ. ಡೈಮನ್ ಅವಳಲ್ಲಿ ಇರಲಿಲ್ಲ. ತೋರಿಸಿದೆ. ಅವಳು ಮೊದಲ ನಾಲ್ಕನ್ನು ಹಿಡಿದ ತುದಿಯಿಂದ ಒಂದು ಎಲೆ ತೆಗೆದು ಮೆಲ್ಲ ಮೇಜಿನ ಮೇಲೆ ಇಟ್ಟಳು: ಕಳಾವರಿನ ಗುಲಾಮ. ಅಂಥದ್ದನ್ನು ಇಟ್ಟುಕೊಂಡು ಪಾಸ್ ಹೇಳಿದ್ದಳು. ನಾನು ಯಾಕೆ ಹದಿನೆಂಟಕ್ಕೆ ಹಾರಿದೆ ಎಂದು ಗೊತ್ತಿದ್ದವಳಿಗೆ ಮಾತ್ರ ಅಷ್ಟು ಧೈರ್ಯ ಬರುತ್ತದೆ. ಮುಂದಿನದ್ದನ್ನು ವಿವರಿಸಬೇಕಾಗಿಲ್ಲ. ನಮಗೆ ಹದಿನೆಂಟು ಆಗಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

ಯಾರೋ ಹಲಸಿನ ಎಲೆ ತನ್ನಿ ಎಂದರು. ತಮ್ಮನ ಹೆಂಡತಿ, “ಬೇಡ, ಉಂಟು” ಎಂದು ಪರ್ಸಿನಿಂದ ಕೆಂಪು ಗುಂಡಿಯ ಕುಣುಕು ತೆಗೆದಳು. ನನ್ನ ಅಂಗಡಿಯ ಬಟ್ಟೆ, ನನ್ನ ಅಂಗಡಿಯ ಗುಂಡಿ. ಅವಳು ಅದನ್ನು ಮನೆಯಿಂದಲೇ ಇಟ್ಟುಕೊಂಡು ಬಂದಿದ್ದಳು.

“ಅಕ್ಕ, ತಲೆ ಸ್ವಲ್ಪ ಬಗ್ಗಿಸಿ” ಎಂದಳು, ಮೆಲ್ಲ, ಮರ್ಯಾದೆಯಿಂದ. ಬಗ್ಗಿಸಿದೆ. ಜನ ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು, ನನ್ನ ತಮ್ಮನಿಗೆ ದುಬೈಗೂ ಹೋಯಿತು. ಅವನು ನಗುವ ಮುಖ ಕಳಿಸಿದ.

ಕುಕ್ಕರಿನ ಪೆಟ್ಟಿಗೆ ಹಿಡಿದು ಅವಳು ರಿಕ್ಷಾಕ್ಕೆ ಕಾಯುತ್ತಿದ್ದಾಗ ನಾನು ಹತ್ತಿರ ಹೋದೆ. ಕಿವಿಯಲ್ಲಿ ಗುಂಡಿ ಇನ್ನೂ ಇತ್ತು.

“ನನ್ನ ಜೊತೆ ಆಡ್ಲಿಕ್ಕೆ ನಿನಗೆ ಎಂತ ಕಷ್ಟ ಆದದ್ದು?”

ಅವಳು ಪೆಟ್ಟಿಗೆಯನ್ನು ಕೆಳಗಿಟ್ಟಳು. “ಅಕ್ಕ, ನಾನು ಹದಿನಾರು ಅಂದ್ರೆ ನೀವು ಹದಿನೇಳು ಅಂತೀರಿ. ಪೆರ್ಲದಲ್ಲಿ ಜೊತೆಯವರು ಕೂಗಿದ ಮೇಲೆ ಅದರ ಮೇಲೆ ಕೂಗ್ಲಿಕ್ಕಿಲ್ಲ. ಕೂಗುವುದಾದ್ರೆ ಇಪ್ಪತ್ತರ ಮೇಲೆ ಮಾತ್ರ. ಅಷ್ಟು ಎಲೆ ಇದ್ರೆ ಮಾತ್ರ ಜೊತೆಯವರನ್ನು ದಾಟಬಹುದು.”

“ಹಾಗೊಂದು ಕ್ರಮ ಉಂಟು ಅಂತ ನೀನು ನನಗೆ ಹೇಳಿದ್ದೀಯಾ?”

“ಇಲ್ಲ.”

“ನಾನು ಕೇಳಿದ್ದೆ. ಇನ್ನೂ ಕ್ರಮ ಬಾಕಿ ಉಂಟಾ ಅಂತ ಕೇಳಿದ್ದೆ.”

“ಕೇಳಿದ್ರಿ.”

“ಮತ್ತೆ?”

“ಒಂದು ದಿನ ನೋಡಿದ ಮೇಲೆ ಹೇಳುವ ಅಂತಿದ್ದೆ. ಮೊದಲ ಆಟದಲ್ಲೇ ನೀವು ನನ್ನ ಮೇಲೆ ಕೂಗಿದ್ರಿ. ಆಮೇಲೆ ನಿಮಗೆ ನಾನು ಹೇಗೆ ಹೇಳುವುದು ಅಕ್ಕ? ಬೇರೆ ಕ್ರಮ ಎಲ್ಲ ಆಟದ್ದು. ಇದು ನಿಮ್ಮದು.”

ರಿಕ್ಷಾ ಬಂತು. ಪೆಟ್ಟಿಗೆಯನ್ನು ಒಳಗೆ ಎತ್ತಿಡಲು ನಾನೇ ಕೈ ಕೊಟ್ಟೆ, ಅಭ್ಯಾಸ. ಕೂತ ಮೇಲೆ ಅವಳು ಕೈ ಚಾಚಿ ನನ್ನ ಕಿವಿಯ ಕುಣುಕನ್ನು ತೆಗೆಯಲು ನೋಡಿದಳು. ನಾನು ತಲೆ ಹಿಂದಕ್ಕೆ ತೆಗೆದುಕೊಂಡೆ. ಗೆಲ್ಲುವವರೆಗೆ ತೆಗೆಯಬಾರದು ಎಂಬುದೂ ಅವಳೇ ಕಲಿಸಿದ ಕ್ರಮ.

ಇದನ್ನು ಆಮೇಲೆ ಎಷ್ಟೋ ಸಲ ಮಗುಚಿ ನೋಡಿದ್ದೇನೆ. ಸೋತದ್ದು ಇಲ್ಲಿ ದೊಡ್ಡದಲ್ಲ. ಸೂರತ್ತಿನವರೂ ನನ್ನನ್ನು ಸೋಲಿಸಿದ್ದಾರೆ. ಆದರೆ ಅವರು ಮಾಲಿನ ಹುಳುಕನ್ನು ಮುಚ್ಚಿಟ್ಟದ್ದು ಒಂದು ಲೋಡಿಗೆ. ಇವಳು ವರ್ಷವಿಡೀ ನನ್ನ ಎದುರು ಕೂತು, ನಾನು ತಪ್ಪು ಆಡುವುದನ್ನು ನೋಡುತ್ತಾ, “ಎಲೆಯೇ ಸರಿ ಇಲ್ಲ ಅಕ್ಕ” ಎಂದಳು. ಒಂದು ಮಾತು ಸಾಕಿತ್ತು. ಬೈದಿದ್ದರೂ ನಾನು ಕೇಳುತ್ತಿದ್ದೆ. ಕೇಳುತ್ತಿರಲಿಲ್ಲ ಎನ್ನುತ್ತಾರೆ ಟೀಚರ್. ಅದು ಅವರ ಅಭಿಪ್ರಾಯ.

ಓಣಂ ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಮೂವರೂ ಮೆಟ್ಟಿಲು ಹತ್ತಿ ಬಂದರು, ಏನೂ ಆಗದವರ ಹಾಗೆ. ನಾನೂ ಬೇಡ ಎನ್ನಲಿಲ್ಲ. ಬಾಗಿಲು ತೆರೆದಿಟ್ಟವರು ಒಳಗೆ ಬಂದವರನ್ನು ವಾಪಸು ಕಳಿಸಬಾರದು. ತಮ್ಮನ ಹೆಂಡತಿ ನನ್ನ ಎದುರಿನ ಸ್ಟೂಲನ್ನು ಎಳೆದುಕೊಂಡಳು.

“ಟೀಚರ್, ನೀವು ಇಲ್ಲಿ ಬನ್ನಿ” ಎಂದೆ. “ಎದುರಿಗೆ.”

ಅವಳು ಎದ್ದು ಪಕ್ಕಕ್ಕೆ ಸರಿದಳು. ಎಲೆ ಹಂಚಿದ್ದು ಟೀಚರೇ, ಅವರ ಹಕ್ಕು. ನನಗೆ ಬಂದ ಮೊದಲ ನಾಲ್ಕರಲ್ಲಿ ಎರಡು ಗುಲಾಮರು. ಅಂಥ ಎಲೆ ನನಗೆ ಅಪರೂಪಕ್ಕೆ ಬರುತ್ತದೆ. ಟೀಚರ್ ಮೆಲ್ಲಗೆ, “ಹದಿನೈದು” ಎಂದರು. ಮೆಡಿಕಲ್‌ನವಳು ಪಾಸ್ ಎಂದಳು. ನನ್ನ ಸರದಿ. ನಾಲಿಗೆಯ ತುದಿಗೆ ಹದಿನೇಳು ಬಂದು ನಿಂತಿತ್ತು.

“ಪಾಸ್” ಎಂದೆ.

ಆಟ ನಡೆಯಿತು. ಮೊದಲ ಗುಲಾಮ ಬಿದ್ದಾಗ ಅವಳು ನೋಡಿಯೂ ನೋಡದ ಹಾಗೆ ಇದ್ದಳು. ಎರಡನೆಯದೂ ನನ್ನ ಕೈಯಿಂದಲೇ ಬಿದ್ದಾಗ ಎಲೆಗಳನ್ನು ಕೆಳಗಿಳಿಸಿದಳು.

“ಅಕ್ಕ, ಇವು ಮೊದಲ ನಾಲ್ಕರಲ್ಲೇ ಇದ್ದವಾ?”

“ಇದ್ದವು.”

“ಎರಡೂ?”

“ಎರಡೂ.”

“ಇದ್ದೂ ಪಾಸ್ ಹೇಳಿದ್ರಾ?”

“ಟೀಚರ್ ಕೂಗಿದ್ರಲ್ಲ” ಎಂದೆ. “ಜೊತೆಯವರ ಮೇಲೆ ಕೂಗ್ಲಿಕ್ಕಿಲ್ಲ.”

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಕೈಯಲ್ಲಿ ಉಳಿದ ಎಲೆಗಳನ್ನು ಒಂದೊಂದಾಗಿ, ಅಂಚು ಅಂಚಿಗೆ ಸರಿಯಾಗಿ ಜೋಡಿಸಿಕೊಂಡಳು. “ಆಡಿ ಅಕ್ಕ” ಎಂದಳು. “ನಿಮ್ಮದೇ ಸರದಿ.”